"ನೂರು ಸಿಗಾರ್ ತರಬಹುದಂತೆ!"

ಅಮೆರಿಕದಲ್ಲಿರುವ ನಮ್ಮವರ ಗ್ರೂಪಿನಲ್ಲಿ ಇವತ್ತು ಮತ್ತೆ ಅದೇ ಪ್ರಶ್ನೆ. ಮೆಕ್ಸಿಕೊದ ಕ್ಯಾನ್ಕುನ್‌ನಿಂದ ವಾಪಸ್ ಬರುವಾಗ ಕ್ಯೂಬಾ ಸಿಗಾರ್ ತರಬಹುದಾ? ಕೇಳಿದ್ದೇ ತಡ, ಪಂಡಿತರೆಲ್ಲ ಎದ್ದು ಕೂತರು. "ನೂರರ ತನಕ ಓಕೆ, ಪರ್ಸನಲ್ ಯೂಸ್ ಅಂದ್ರೆ ಸಾಕು." ಆ ಮಾತಿಗೆ ಸಾಲುಸಾಲು ಲೈಕು ಬೇರೆ.

ಆಗಲ್ಲ ಮಾರಾಯ್ರೆ. ನೂರಲ್ಲ, ಒಂದೂ ಆಗಲ್ಲ.

ಈ ನೂರರ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ, ಅದೇ ತಲೆನೋವು. ವಯಸ್ಕ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ 100 ಸಿಗಾರ್ ತರಬಹುದು ಅಂತ ಅಮೆರಿಕದ ಕಸ್ಟಮ್ಸ್ ನಿಯಮ ಇದೆ. ಡೊಮಿನಿಕನ್ ರಿಪಬ್ಲಿಕ್‌ದೋ ನಿಕರಾಗುವಾದ್ದೋ ಆದರೆ ಸರಿ. ಕ್ಯೂಬಾದ್ದಕ್ಕೆ 1962ರಲ್ಲೇ ಅಧ್ಯಕ್ಷ ಕೆನಡಿ ವ್ಯಾಪಾರ ನಿರ್ಬಂಧ ಹೇರಿ ಬಾಗಿಲು ಹಾಕಿದ್ದರು. (ಸಹಿ ಹಾಕುವ ಮುಂಚೆ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಕೈಲಿ ಕ್ಯೂಬಾದ 1,200 ಉಪ್‌ಮನ್ ಸಿಗಾರ್ ತರಿಸಿಟ್ಟುಕೊಂಡಿದ್ದರು ಅಂತ ಸ್ಯಾಲಿಂಜರ್ ಅವರೇ ಹೇಳಿದ್ದಾರೆ. ದೊಡ್ಡವರ ಪರ್ಸನಲ್ ಯೂಸ್!) 2015ರ ಜನವರಿಯಲ್ಲಿ ಒಬಾಮಾ ಸರ್ಕಾರ ಆ ಬಾಗಿಲು ಸ್ವಲ್ಪ ತೆಗೆದು, ಅನುಮತಿ ಪಡೆದು ಕ್ಯೂಬಾಕ್ಕೆ ಹೋದವರು ಮದ್ಯ, ತಂಬಾಕು ಸೇರಿ 100 ಡಾಲರ್ ಮೌಲ್ಯದಷ್ಟು ತರಬಹುದು ಅಂದಿತು. 2016ರ ಅಕ್ಟೋಬರ್‌ನಲ್ಲಿ ಆ ಮಿತಿಯೂ ಹೋಯಿತು, ಬೇರೆ ದೇಶದಲ್ಲಿ ಕೊಂಡದ್ದಕ್ಕೂ ಅವಕಾಶ ಸಿಕ್ಕಿತು. 2020ರ ಸೆಪ್ಟೆಂಬರ್ 24ಕ್ಕೆ ಖಜಾನೆ ಇಲಾಖೆಯ ಒಫ್ಯಾಕ್ (ಬೇರೆ ದೇಶಗಳ ಮೇಲಿನ ನಿರ್ಬಂಧ ನೋಡಿಕೊಳ್ಳುವ ಕಚೇರಿ) ಎಲ್ಲವನ್ನೂ ಮುಚ್ಚಿತು. ಆಮೇಲೆ ತೆರೆದಿಲ್ಲ. ನಡುವಿನ ಆ ನಾಲ್ಕು ವರ್ಷದಲ್ಲಿ ಬರೆದ ಲೇಖನಗಳನ್ನೇ ಜನ ಇವತ್ತಿಗೂ ವೇದವಾಕ್ಯದ ಹಾಗೆ ಫಾರ್ವರ್ಡ್ ಮಾಡ್ತಿದ್ದಾರೆ.

ಕ್ಯೂಬಾದಲ್ಲೇ ಕೊಂಡಿರಲಿ, ದುಬೈ ಡ್ಯೂಟಿ ಫ್ರೀಯಲ್ಲಿ ಕೊಂಡಿರಲಿ, ಯಾರೋ ಉಡುಗೊರೆ ಕೊಟ್ಟಿರಲಿ, ನಿಯಮ ಒಂದೇ. ನಾವು ಅಮೆರಿಕದ ಪ್ರಜೆಗಳಲ್ಲ ಅನ್ನುವ ವಾದವೂ ನಡೆಯಲ್ಲ. ಎಚ್‌-1ಬಿಯವರಿಗೂ, ಮಗನ ಮನೆಗೆ ಬರುವ ಅಪ್ಪ ಅಮ್ಮನಿಗೂ ಇದೇ. ಅಂಚೆಯಲ್ಲಿ ತರಿಸಿದರೆ ಪಾರ್ಸೆಲ್ ಬದಲು ಜಪ್ತಿ ನೋಟಿಸ್ ಬರುವ ಸಾಧ್ಯತೆಯೇ ಹೆಚ್ಚು.

ನನಗೆ ನಿಜಕ್ಕೂ ಪಿತ್ತ ಕೆರಳಿಸಿದ್ದು ಕೆಳಗಿನ ಇನ್ನೊಂದು ಸಲಹೆ: "ಬ್ಯಾಂಡ್ (ಸಿಗಾರಿಗೆ ಸುತ್ತಿದ ಹೆಸರಿನ ಕಾಗದ) ಕಿತ್ತು ಹಾಕಿ, ಬೇರೆ ಡಬ್ಬಿಗೆ ಹಾಕಿ, ಯಾರಿಗೂ ಗೊತ್ತಾಗಲ್ಲ." ಮಹಾನುಭಾವ, ಬ್ಯಾಂಡ್ ಇದ್ದಾಗ ತಿಳಿಯದೆ ತಂದೆ ಅಂತಾದರೂ ಹೇಳಬಹುದು. ಬ್ಯಾಂಡ್ ಕಿತ್ತ ಮೇಲೆ ತಿಳಿದೂ ತಿಳಿದೂ ಬಚ್ಚಿಟ್ಟದ್ದು. ನೀವಾಗಿಯೇ ಹೇಳಿಕೊಂಡರೆ ಸಾಮಾನ್ಯವಾಗಿ ಸಿಗಾರ್ ವಶಪಡಿಸಿಕೊಂಡು ಕಳಿಸ್ತಾರೆ. ಹೇಳದೆ ಸಿಕ್ಕಿಬಿದ್ದರೆ ವಸ್ತು ಹೋಗುವುದರ ಜೊತೆಗೆ ಅದರ ಬೆಲೆಯಷ್ಟೇ ದಂಡ ಹಾಕಬಹುದು. ಅಧಿಕಾರಿಯ ಮುಂದೆ ಬೇಕೆಂದೇ ಸುಳ್ಳು ಹೇಳುವುದು ಬೇರೆಯೇ ಅಪರಾಧ, ಗರಿಷ್ಠ 5 ವರ್ಷ ಜೈಲು. ಕಳ್ಳಸಾಗಣೆ ಕಲಮು ಹಾಕಿದರೆ 20 ವರ್ಷದವರೆಗೂ ಅವಕಾಶ ಇದೆ. ಕ್ಯೂಬಾ ನಿರ್ಬಂಧದ ಉಲ್ಲಂಘನೆಗೆ ಸಿವಿಲ್ ದಂಡದ ಮಿತಿಯೇ ಒಂದು ಲಕ್ಷ ಡಾಲರ್ ದಾಟುತ್ತದೆ, ಅದೂ ಒಂದೊಂದು ಉಲ್ಲಂಘನೆಗೆ.

ಇನ್ನೊಂದು ತಮಾಷೆ. ಕೊಹೀಬಾ, ಮೊಂಟೆಕ್ರಿಸ್ಟೊ, ಪಾರ್ಟಗಾಸ್, ರೋಮಿಯೊ ಈ ಹೂಲಿಯೆಟಾ ಹೆಸರಿನಲ್ಲಿ ಕ್ಯೂಬಾದ್ದಲ್ಲದ ಸಿಗಾರೂ ಬರ್ತವೆ, ಅವು ಸಕ್ರಮ. ಗಾಬರಿಯಲ್ಲಿ ಅವುಗಳ ಬ್ಯಾಂಡೂ ಕಿತ್ತರೆ ಸಕ್ರಮ ಅನ್ನುವುದಕ್ಕಿದ್ದ ಪುರಾವೆಯೂ ಹೋಯಿತು. ಡಬ್ಬಿ, ರಸೀದಿ ಇಟ್ಟುಕೊಳ್ಳಿ. ಡಬ್ಬಿ ತಿರುಗಿಸಿ ನೋಡಿ. ಕ್ಯೂಬಾದ್ದಾದರೆ ತಳದ ಮರದಲ್ಲಿ "Hecho en Cuba" (ಎಚೊ ಎನ್ ಕೂಬಾ, ಅಂದ್ರೆ ಕ್ಯೂಬಾದಲ್ಲಿ ಮಾಡಿದ್ದು) ಅಂತ ಸುಟ್ಟು ಒತ್ತಿರ್ತಾರೆ, ಮೇಲೆ ಹಸಿರು ಬಿಳಿ ಸರ್ಕಾರಿ ಮುದ್ರೆಯ ಪಟ್ಟಿ. ಬೀಚಿನಲ್ಲಿ ಮಾರುವ, ಗಾಜಿನ ಮುಚ್ಚಳದ ಕೊಹೀಬಾ ಡಬ್ಬಿ ಮಾತ್ರ ಶುದ್ಧ ನಕಲಿ. ಅದನ್ನು ತಂದು ಸಿಕ್ಕಿಬೀಳುವವರ ಬಗ್ಗೆ ಏನು ಹೇಳಲಿ! ಸಿಗಾರೂ ಸುಳ್ಳು, ಅವಮಾನ ಮಾತ್ರ ಅಸಲಿ.

"ಅಷ್ಟು ಜನ ತರ್ತಾರೆ, ಯಾರಿಗೆ ದಂಡ ಹಾಕಿದ್ದಾರೆ ಸ್ವಾಮಿ?" ಅಂತ ಈಗಾಗಲೇ ಯಾರೋ ಟೈಪ್ ಮಾಡ್ತಿರಬಹುದು. ಒಪ್ಪಿದೆ, ಐದಾರು ಸಿಗಾರಿಗೆ ಜೈಲಿಗೆ ಹಾಕಲ್ಲ. ಈ ನಿರ್ಬಂಧವೇ ಅರವತ್ತು ವರ್ಷದ ಹಳೇ ಹಠ ಅನ್ನುವುದಕ್ಕೂ ನನ್ನ ತಕರಾರಿಲ್ಲ. ಆದರೆ ಕಸ್ಟಮ್ಸ್ ಉಲ್ಲಂಘನೆ ದಾಖಲಾದರೆ ಗ್ಲೋಬಲ್ ಎಂಟ್ರಿ (ವಿಮಾನ ನಿಲ್ದಾಣದಲ್ಲಿ ಬೇಗ ಒಳಗೆ ಬಿಡುವ ಸೌಲಭ್ಯ) ರದ್ದಾಗಬಹುದು, ಮುಂದಿನ ಸಲ ಬಂದಾಗಲೂ ಪಕ್ಕದ ಕೋಣೆಗೆ ಕರೆದು ಚೀಲ ಬಿಚ್ಚಿಸಬಹುದು. ವೀಸಾದ ಮೇಲೆ ಬದುಕುವವರು ಒಂದು ಹೊಗೆಗೋಸ್ಕರ ಇದನ್ನೆಲ್ಲ ಮೈಮೇಲೆ ಎಳೆದುಕೊಳ್ಳಬೇಕಾ?

ಅಷ್ಟು ಆಸೆ ಇದ್ದರೆ ಅಲ್ಲೇ ಸೇದಿ. ಮೆಕ್ಸಿಕೊ, ಕೆನಡಾದಂಥ ಮೂರನೇ ದೇಶದಲ್ಲಿ ಕೊಂಡು ಅಲ್ಲೇ ಮುಗಿಸುವುದಕ್ಕೆ ಒಫ್ಯಾಕ್ ಅನುಮತಿ ಇದೆ. ಉಳಿದದ್ದನ್ನು ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ ಯಾರಿಗಾದರೂ ಕೊಟ್ಟುಬಿಡಿ. ಟೊರೊಂಟೊ, ನಸ್ಸೌ, ಡಬ್ಲಿನ್, ಅಬುಧಾಬಿಯಿಂದ ಬರುವವರು ಇದನ್ನು ಮರೆಯಬೇಡಿ. ಅಲ್ಲಿ ಅಮೆರಿಕದ ಕಸ್ಟಮ್ಸ್ ತಪಾಸಣೆ ವಿಮಾನ ಹತ್ತುವ ಮುಂಚೆಯೇ ಮುಗಿಯುತ್ತದೆ. ಮರೆತು ಚೀಲದಲ್ಲೇ ಉಳಿದಿದ್ದರೆ, ಅಧಿಕಾರಿ ಚೀಲಕ್ಕೆ ಕೈಹಾಕುವ ಮೊದಲು ನೀವೇ ಬಾಯಿಬಿಟ್ಟು ಹೇಳಿ.