ಪಾಲು ಎಷ್ಟು ಅಂತ ಮಾತ್ರ ಕೇಳಬೇಡಿ

2023ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಬಾಕ್ಸರ್ ಟೈಸನ್ ಫ್ಯೂರಿ ಒಂದು ವಿಡಿಯೊ ಹಾಕಿದ್ದ. ಫೈಟ್‌ನ ದುಡ್ಡಿನಲ್ಲಿ ತನಗೆ 70 ಪರ್ಸೆಂಟ್, ಯುಕ್ರೇನ್‌ನ ಒಲೆಕ್ಸಾಂಡರ್ ಉಸಿಕ್‌ಗೆ 30. ತಡ ಮಾಡಿದರೆ ದಿನಕ್ಕೆ ಒಂದೊಂದು ಪರ್ಸೆಂಟ್ ಕಡಿಮೆ. ಆಗ ಉಸಿಕ್ ಹತ್ತಿರ ಮೂರು ಹೆವಿವೇಟ್ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಇದ್ದವು, ಫ್ಯೂರಿ ಹತ್ತಿರ ಒಂದು. ಆದರೂ ಉಸಿಕ್ ಆಯ್ತು ಅಂದ. ಫೈಟ್ ಮುಗಿದ ಮೇಲೆ ಯುಕ್ರೇನ್‌ಗೆ 10 ಲಕ್ಷ ಪೌಂಡ್ ಕೊಡಬೇಕು, ಅದೊಂದೇ ಅವನ ಷರತ್ತು.

ಬಾಕ್ಸಿಂಗ್ ನೋಡುವ ನನ್ನ ಗೆಳೆಯರು ತುಂಬಾ ಜನ ಅವತ್ತು ಬೇಜಾರಾದರು. ಮೂರು ಬೆಲ್ಟ್ ಇಟ್ಕೊಂಡು ಮೂವತ್ತಕ್ಕೆ ತಲೆಯಾಡಿಸೋದಾ ಅಂತ. ನನಗೆ ಹಾಗನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ನಮ್ಮ ಕಡೆ ಹೊಲ ಪಾಲಿಗೆ ಮಾಡುವವರನ್ನು ಕೇಳಿ ನೋಡಿ. ಅರ್ಧ ಪಾಲು ಅನ್ನುವುದು ಮಾತಿನ ಶುರು ಅಷ್ಟೇ. ಬೀಜ ಯಾರದು, ಗೊಬ್ಬರ ಯಾರದು, ಬೋರ್ ಕೆಟ್ಟರೆ ರಿಪೇರಿ ಯಾರದು, ಮೇವು ಯಾರ ಮನೆಗೆ? ಇದು ತೀರ್ಮಾನ ಆಗುವ ತನಕ ಆ ಅರ್ಧ ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬಾಕ್ಸಿಂಗ್ ಕರಾರೂ ಹಾಗೇ. ನಾವು ಪರ್ಸೆಂಟ್ ಹಿಡಿದು ಜಗಳ ಆಡುತ್ತೇವೆ. ಫೈಟ್ ನಿಲ್ಲುವುದೂ ಗೆಲ್ಲುವುದೂ ಕರಾರಿನ ಬೇರೆ ಸಾಲುಗಳಲ್ಲಿ.

ಉಸಿಕ್ 30ಕ್ಕೆ ಒಪ್ಪಿದ ಮೇಲೂ ಮಾತುಕತೆ ಅದೇ ತಿಂಗಳು ಮುರಿದುಬಿತ್ತು. ಮರುಪಂದ್ಯ ಇರಬೇಕಾ, ಇದ್ದರೆ ಆಗ ಯಾರಿಗೆ ಎಷ್ಟು ಅನ್ನುವ ಜಗಳಕ್ಕೆ. ಕೊನೆಗೆ ಸೌದಿ ದುಡ್ಡು ಬಂದು 2024ರ ಮೇ 18ರಂದು ರಿಯಾದ್‌ನಲ್ಲಿ ಫೈಟ್ ಆಯಿತು. ಉಸಿಕ್ ಗೆದ್ದ. ಡಿಸೆಂಬರ್‌ನಲ್ಲಿ ಮತ್ತೆ ಗೆದ್ದ.

ಅಮೆರಿಕದ ಮೇವೆದರ್ ಮತ್ತು ಫಿಲಿಪ್ಪೀನ್ಸ್‌ನ ಪಕ್ವಿಯಾವೊ ಕಥೆ ಇನ್ನೂ ನೋವು ಕೊಡುತ್ತದೆ. 2009ರ ಕೊನೆಯಲ್ಲಿ ಸಮಪಾಲಿನ ಲೆಕ್ಕದಲ್ಲೇ ಮಾತು ನಡೆದಿತ್ತು. ಮುರಿದದ್ದು ಉದ್ದೀಪನ ಮದ್ದು ಪತ್ತೆ ಮಾಡುವ ರಕ್ತಪರೀಕ್ಷೆಯ ವಿಷಯಕ್ಕೆ. ಫೈಟ್‌ಗೆ ಎಷ್ಟು ದಿನ ಮುಂಚೆ ರಕ್ತ ತೆಗೆಯುವುದು ನಿಲ್ಲಿಸಬೇಕು ಅಂತ ಎಳೆದಾಡಿದರು. 2012ರಲ್ಲಿ ಮೇವೆದರ್ ಫೋನ್ ಮಾಡಿ 4 ಕೋಟಿ ಡಾಲರ್ ಕೊಡ್ತೀನಿ ಅಂದ. ಒಂದೇ ಗಂಟು. ಟಿವಿಯಲ್ಲಿ ದುಡ್ಡು ಕೊಟ್ಟು ನೋಡುವವರಿಂದ ಬರುವ ಹಣದಲ್ಲಿ ಮಾತ್ರ ಪಾಲಿಲ್ಲ. ಪಕ್ವಿಯಾವೊ ಬೇಡ ಅಂದ. ಹೆದರಿದ ಅಂತ ಜನ ಆಡಿಕೊಂಡರು. ಆದರೆ ಲೆಕ್ಕ ನೋಡಿ. 2015ರಲ್ಲಿ ಅವನು 60-40ಕ್ಕೆ ಒಪ್ಪಿದ. ಅಮೆರಿಕದಲ್ಲಿ ಸುಮಾರು 46 ಲಕ್ಷ ಕಡೆ ಆ ಫೈಟ್ ಕೊಂಡು ನೋಡಿದರು, ಒಂದೊಂದಕ್ಕೆ ಹತ್ತಿರ ಹತ್ತಿರ 100 ಡಾಲರ್. ಟಿವಿಯಿಂದಲೇ 40 ಕೋಟಿ ಡಾಲರ್ ದಾಟಿತು. ಆ ರಾಶಿಯಲ್ಲಿ ನಲವತ್ತು ಪರ್ಸೆಂಟ್ ಎಲ್ಲಿ, ಬರೀ 4 ಕೋಟಿ ಎಲ್ಲಿ? ಚಿಕ್ಕ ಪಾಲಾದರೂ ಪಾಲು ಪಾಲೇ. ಪಕ್ವಿಯಾವೊ ಮಾಡಿದ್ದು ಸರಿ.

ಹೋದದ್ದು ಮಾತ್ರ ಐದು ವರ್ಷ. ಫೈಟ್ ನಡೆದ ಆ ಭಾನುವಾರ ಬೆಳಗ್ಗೆ ಕಾಫಿ ಹಿಡಿದು ಟಿವಿ ಮುಂದೆ ಕೂತಾಗ ಮೇವೆದರ್‌ಗೆ 38, ಪಕ್ವಿಯಾವೊಗೆ 36. ನಾವು ಕಾದ ಫೈಟ್ ಅದಾಗಿರಲಿಲ್ಲ.

ಮಾತುಕತೆ ಕೂಡಿಬರದಿದ್ದರೆ ಪರ್ಸ್ ಬಿಡ್ ಅಂತ ಒಂದು ದಾರಿ ಇದೆ. ಫೈಟ್ ನಡೆಸುವ ಪ್ರಮೋಟರ್‌ಗಳು ಮುಚ್ಚಿದ ಲಕೋಟೆಯಲ್ಲಿ ಮೊತ್ತ ಬರೆದು ಕೊಡುತ್ತಾರೆ, ಜಾಸ್ತಿ ಬರೆದವರಿಗೆ ಫೈಟ್. 2022ರಲ್ಲಿ ಫ್ಯೂರಿ ಮತ್ತು ಡಿಲಿಯನ್ ವೈಟ್ ಫೈಟ್‌ಗೆ ಪ್ರಮೋಟರ್ ಫ್ರಾಂಕ್ ವಾರನ್ 4,10,25,000 ಡಾಲರ್ ಬರೆದಿದ್ದರು. ಗೆದ್ದವನಿಗೆ ಅಂತ ಹತ್ತು ಪರ್ಸೆಂಟ್ ತೆಗೆದಿಟ್ಟು, ಉಳಿದದ್ದು 80-20. ವೈಟ್ ಪಾಲಿಗೆ ಸುಮಾರು 74 ಲಕ್ಷ ಬಂತು. ಆ ಹತ್ತು ಪರ್ಸೆಂಟ್ ನನಗೆ ಇಷ್ಟ. ಇನ್ನೂ ಜಾಸ್ತಿ ಇಡಬೇಕು ಅನ್ನುತ್ತೇನೆ.

ಆದರೆ ನಾನು ಬರೆಯಬೇಕು ಅಂತ ಕೂತದ್ದು ಅಮೆರಿಕದ ಬಾಕ್ಸರ್ ಮಾರ್ವಿನ್ ಹ್ಯಾಗ್ಲರ್ ಬಗ್ಗೆ.

1979ರ ನವೆಂಬರ್ 30. ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್. ಒಂದೇ ರಾತ್ರಿ ಎರಡು ಟೈಟಲ್ ಫೈಟ್, ಒಂದರಲ್ಲಿ ಲಿಯೊನಾರ್ಡ್, ಇನ್ನೊಂದರಲ್ಲಿ ಹ್ಯಾಗ್ಲರ್, ಎದುರಾಳಿಗಳು ಬೇರೆ ಬೇರೆ. ಶುಗರ್ ರೇ ಲಿಯೊನಾರ್ಡ್‌ಗೆ ಸಿಕ್ಕಿದ್ದು 10 ಲಕ್ಷ ಡಾಲರ್. ಹ್ಯಾಗ್ಲರ್‌ಗೆ 40,000. ಲಿಯೊನಾರ್ಡ್ ಚಾಂಪಿಯನ್ ಆದ. ಹ್ಯಾಗ್ಲರ್ ಚೆನ್ನಾಗಿ ಆಡಿಯೂ ಡ್ರಾ ಕೊಟ್ಟು ಕಳಿಸಿದರು. ವರ್ಷಗಟ್ಟಲೆ ಎಲ್ಲರೂ ಎದುರು ನಿಲ್ಲದೆ ತಪ್ಪಿಸಿಕೊಂಡಿದ್ದ ಮನುಷ್ಯ ಅವನು. ಆ ಎರಡು ಸಂಖ್ಯೆ ಅವನ ಎದೆಯಲ್ಲಿ ಉಳಿಯದೆ ಇರುತ್ತದಾ?

ಏಳು ವರ್ಷ ದಾಟಿದ ಮೇಲೆ ಅದೇ ಲಿಯೊನಾರ್ಡ್ ಅವನ ಎದುರಿಗೆ ಬಂದ. ಕಣ್ಣಿನ ಆಪರೇಷನ್ ಆಗಿತ್ತು. ಐದು ವರ್ಷದಲ್ಲಿ ಆಡಿದ್ದು ಒಂದೇ ಫೈಟ್. ಹ್ಯಾಗ್ಲರ್ ಹನ್ನೊಂದು ವರ್ಷದಿಂದ ಸೋತಿರಲಿಲ್ಲ. ಈ ಸಲ ದೊಡ್ಡ ಮೊತ್ತ ತನಗೇ ಬೇಕು ಅಂದ. ಲಿಯೊನಾರ್ಡ್ ಬಿಟ್ಟುಕೊಟ್ಟ. ಹ್ಯಾಗ್ಲರ್‌ಗೆ ಖಾತ್ರಿ ಮೊತ್ತ 1.2 ಕೋಟಿ, ಲಿಯೊನಾರ್ಡ್‌ಗೆ 1.1 ಕೋಟಿ. ಬದಲಿಗೆ ಲಿಯೊನಾರ್ಡ್ ಮೂರು ಕೇಳಿದ. 15 ಸುತ್ತಿನ ಬದಲು 12. ರಿಂಗ್ 20 ಅಡಿಯದ್ದು. ಗ್ಲೌಸ್ 10 ಔನ್ಸಿನದು. ಓಡಾಡಲು ಜಾಗ, ಹೊಡೆತ ಮೆತ್ತಗಾಗಲು ಗ್ಲೌಸ್, ಉಸಿರು ಸಾಲುವಷ್ಟೇ ಸುತ್ತು. ಹ್ಯಾಗ್ಲರ್ ಮೂರಕ್ಕೂ ಹೂಂ ಅಂದ.

1987ರ ಏಪ್ರಿಲ್ 6ರಂದು ಲಿಯೊನಾರ್ಡ್ ಆ ಇಪ್ಪತ್ತು ಅಡಿಯಲ್ಲಿ ಸುತ್ತಿದ. ಸುತ್ತುಗಳ ಕೊನೆಗೆ ಪಟಪಟ ಹೊಡೆದು ಜಡ್ಜ್‌ಗಳ ಕಣ್ಣು ಸೆಳೆದ. ಇಬ್ಬರು ಅವನಿಗೆ ಕೊಟ್ಟರು, ಒಬ್ಬರು ಹ್ಯಾಗ್ಲರ್‌ಗೆ. ಆ ಹತ್ತು ಲಕ್ಷದ ವ್ಯತ್ಯಾಸಕ್ಕೆ ಹ್ಯಾಗ್ಲರ್ ಕೈಬಿಟ್ಟದ್ದು ತನ್ನ ಫೈಟನ್ನೇ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಅವನನ್ನು ಬೈಯಲು ಮಾತ್ರ ಮನಸ್ಸು ಬರುವುದಿಲ್ಲ. 40,000ದ ರಾತ್ರಿ ಕಂಡವನು ಬೇರೆ ಏನು ಕೇಳಿಯಾನು?

ಆಮೇಲೆ ಅವನು ರಿಂಗ್ ಹತ್ತಲೇ ಇಲ್ಲ. ಇಟಲಿಗೆ ಹೋಗಿ ನೆಲೆಸಿದ. ಗೆದ್ದದ್ದು ನಾನೇ ಅಂತ ಹೇಳುತ್ತಲೇ ಇದ್ದ. 2021ರಲ್ಲಿ ತೀರಿಕೊಂಡ. ಆ ಫೈಟ್ ಮತ್ತೆ ಹಾಕಿ ನೋಡಿ. ಹನ್ನೆರಡನೇ ಸುತ್ತಿನ ಗಂಟೆ ಹೊಡೆದಾಗ ಲಿಯೊನಾರ್ಡ್ ಕಾಲು ನೋಡಿ. ಇನ್ನೂ ಮೂರು ಸುತ್ತು ಇರಬೇಕಿತ್ತು.