ಬಾಗಿಲಿರುವ ಒಂದು ಕೋಣೆ

"ಮೊಬೈಲ್‌ನಾಗ ಮಕ್ಕಳ ಮನಸ್ಸಿನ ಗಾಯ ಮಾಯ್ತೈತೇನ್ರೀ ಮೇಡಂ?" ಮೊನ್ನೆ ಬೆಳಗಾವಿಯಲ್ಲಿ ಒಬ್ಬ ಮಾಸ್ತರರು ಕೇಳಿದರು. ಮಾಯುತ್ತೆ ಸರ್. ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡೋದೇ ನನ್ನ ಕೆಲಸ, ವಿಡಿಯೋ ಕಾಲ್‌ನಲ್ಲಿ ಮಾಯ್ದದ್ದನ್ನ ನಾನೇ ಕಣ್ಣಾರೆ ಕಂಡಿದ್ದೇನೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ರಾಮದುರ್ಗದ ಕಡೆ ಒಬ್ಬ ಹುಡುಗನ ಮನೆ ಅವನ ಕಣ್ಣೆದುರೇ ಕುಸಿದಿತ್ತು. ಒಂಬತ್ತು ವರ್ಷದವನು. ಮರುವರ್ಷ ಲಾಕ್‌ಡೌನ್, ಬಸ್ ಇಲ್ಲ, ಹಾಗಾಗಿ ಅಪ್ಪ ಕೆಲಸದಿಂದ ಬಂದಮೇಲೆ ಅವರ ಮೊಬೈಲ್‌ನಲ್ಲೇ ವಿಡಿಯೋ ಕಾಲ್ ಶುರು ಮಾಡಿದೆವು. ಅವರಿನ್ನೂ ತಗಡಿನ ಶೆಡ್‌ನಲ್ಲೇ ಇದ್ದರು. ಮೂರನೇ ವಾರ ಮಾತಾಡುತ್ತಿರುವಾಗಲೇ ಮಳೆ ಬಂತು. ತಗಡಿನ ಮೇಲೆ ಒಮ್ಮೆಲೇ ದಬದಬ ಸದ್ದು. ಹುಡುಗ ಕೌದಿ ಎಳೆದುಕೊಂಡು ಒಳಗೆ ಸೇರಿಬಿಟ್ಟ. ನನಗೆ ಕಾಣುತ್ತಿದ್ದದ್ದು ಕೌದಿಯ ಒಂದು ಕೆಂಪು ತೇಪೆ ಮಾತ್ರ. ಹೊರಗೆ ಬಾ ಅನ್ನಲಿಲ್ಲ ನಾನು. ಎರಡೂ ಕೈ ಎದೆ ಮೇಲೆ ಅಡ್ಡ ಇಟ್ಟು ಒಂದಾದ ಮೇಲೊಂದು ತೋಳು ತಟ್ಟಿಕೊಳ್ಳೋದನ್ನ ಹಿಂದಿನ ವಾರ ಕಲಿಸಿದ್ದೆ, ಅವನು ಅದಕ್ಕೆ 'ಪಾತರಗಿತ್ತಿ' ಅಂತಿದ್ದ. ಅದನ್ನೇ ಜೋರಾಗಿ ಎಣಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಕೌದಿ ಅಲುಗಾಡಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ.

ಬೆಳಗಾವಿಯ ನನ್ನ ಕೋಣೆಯಲ್ಲಿ ಆ ಮಳೆ ಎಲ್ಲಿ ಸಿಗುತ್ತಿತ್ತು? ಅವನಿಗೆ ಭಯ ಆಗುವ ಜಾಗದಲ್ಲೇ ಭಯ ಇಳಿಸೋದನ್ನ ಕಲಿತ.

ಕಷ್ಟ ಬಂದದ್ದು ಬೇರೆ ಕಡೆ. ನೆಟ್‌ವರ್ಕ್ ಹೋದರೆ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಬಹುದು, ಅಪ್ಪನ ಜೊತೆಗೆ ಕಾಕಾನ ನಂಬರೂ ಇಟ್ಟುಕೊಂಡಿದ್ದೆ. ಆದರೆ ಒಂದೇ ಶೆಡ್, ಅದರಲ್ಲಿ ಆಯಿ, ತಂಗಿ, ಒಲೆ, ಎಲ್ಲ. ಏನು ಕೇಳಿದರೂ ಹುಡುಗ ಮೊದಲು ಹಿಂದೆ ತಿರುಗಿ ನೋಡುತ್ತಿದ್ದ. ಅವನು ಬಾಯಿ ಬಿಡೋಕೆ ಮೊದಲೇ ಅವ್ವ ಉತ್ತರ ಹೇಳಿಬಿಡೋರು. ಪಾಪ, ಅವರಿಗೂ ಮಗನ ಸಂಕಟ ನೋಡೋಕಾಗ್ತಿರಲಿಲ್ಲ ಅಲ್ವಾ. ಮನಸ್ಸಿಗೆ ಆಘಾತವಾದ ಮಕ್ಕಳಿಗೆ ಮಾಡುವ ಈ ಮಾತಿನ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 12ರಿಂದ 16 ಸಲ ಕೂರಬೇಕು. ಮೊದಲು ಉಸಿರು, ಮೈ ಸಡಿಲ ಮಾಡೋದು, ಭಾವನೆಗೆ ಹೆಸರು ಇಡೋದು. ಅದೆಲ್ಲ ಗಟ್ಟಿಯಾದ ಮೇಲೆ ನಡೆದದ್ದನ್ನ ಸ್ವಲ್ಪ ಸ್ವಲ್ಪವೇ ಹೇಳಿಸೋದು. ತಂದೆ ತಾಯಿ ಜೊತೆಗೂ ಬೇರೆಯಾಗಿ ಮಾತಾಡಬೇಕು. ಆದರೆ ಎಲ್ಲರ ಕಿವಿ ಇತ್ತ ಇರುವಾಗ ಯಾವ ಮಗು ತಾನೇ ಮನೆ ಕುಸಿದ ಆ ರಾತ್ರಿಯ ಮಾತು ಆಡುತ್ತೆ?

ಇನ್ನು ಮಗುವಿಗೆ ನೋವು ಮಾಡಿದವರು ಅದೇ ಮನೆಯಲ್ಲಿದ್ದರೆ ವಿಡಿಯೋ ಕಾಲ್ ಬೇಡವೇ ಬೇಡ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗು ಸುರಕ್ಷಿತ ಜಾಗಕ್ಕೆ ಬರಲಿ, ಚಿಕಿತ್ಸೆ ಆಮೇಲೆ.

2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಎಲ್ಲರೂ ಧಾರವಾಡದ ಮಾನಸಿಕ ಆಸ್ಪತ್ರೆಗೆ ಓಡಬೇಕಿಲ್ಲ. ಒಳ್ಳೇದೇ. ಆದರೆ ಆ ಮಗು ಎಲ್ಲಿ ಕೂತು ಮಾತಾಡಬೇಕು ಅನ್ನೋದನ್ನ ಊರಿನವರೇ ನೋಡಬೇಕು.

ನಮ್ಮ ಹುಡುಗನಿಗೆ ಅವನ ಶಾಲೆಯ ಹೆಡ್‌ಮಾಸ್ತರರು ಸಾಮಾನು ಕೋಣೆಯ ಕೀಲಿ ಕೊಟ್ಟರು. ಅಪ್ಪ ಹೊರಗೆ ಕಟ್ಟೆ ಮೇಲೆ, ಕರೆದರೆ ಕೇಳುವಷ್ಟು ದೂರದಲ್ಲಿ ಕೂತರು. ಹುಡುಗ ತಾನೇ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಅವತ್ತು ಮೊದಲ ಸಲ ಹಿಂದೆ ತಿರುಗಿ ನೋಡದೆ ಮಾತಾಡಿದ.

ಮಾಸ್ತರರೇ, ನಿಮ್ಮ ಶಾಲೆಯಲ್ಲೂ ಅಂಥದ್ದೊಂದು ಕೋಣೆ ಇರುತ್ತಲ್ಲ, ವಾರಕ್ಕೆ ಒಂದು ತಾಸು ಅದರ ಕೀಲಿ ಕೊಡ್ತೀರಾ?