ಹಾರ್ಡನ್ನಿನ ಹಿತ್ತಿಲ ಬಾಗಿಲು

ಇಂಗ್ಲೆಂಡಿನ ಡರ್ಹಮ್ ಕೌಂಟಿಯ ಹಾರ್ಡನ್‌ನಲ್ಲಿ ಬಾಡಿಗೆ ಮನೆ ಸಿಕ್ಕಿದಾಗ ವಿಳಾಸ ನೋಡಿಯೇ ಖುಷಿಯಾಯಿತು. ಥರ್ಡ್ ಸ್ಟ್ರೀಟ್, ಫೋರ್ತ್ ಸ್ಟ್ರೀಟ್ ಅಂತ ಹದಿಮೂರರವರೆಗೂ ಬರೀ ನಂಬರು. ಬೆಂಗಳೂರಿನ ಕ್ರಾಸು, ಮೇನುಗಳಲ್ಲಿ ಬೆಳೆದವನಿಗೆ ಇನ್ನೇನು ಬೇಕು? 1900ರಲ್ಲಿ ಇಲ್ಲಿ ಕಲ್ಲಿದ್ದಲು ಗಣಿ ತೋಡಲು ಹೊರಟ ಕಂಪನಿಗೆ ಬೀದಿಗೆ ಹೆಸರಿಡುವ ಪುರುಸೊತ್ತು ಇರಲಿಲ್ಲವೇನೋ. 1930ರಲ್ಲಿ ಒಂದೇ ದಿನ 6,758 ಟನ್ ಕಲ್ಲಿದ್ದಲು ತೆಗೆದ ಗಣಿ ಅದು. ಸಮುದ್ರದ ಅಡಿಗೂ ನುಗ್ಗಿ ಅಗೆಯುತ್ತಿದ್ದರಂತೆ. 1987ರಲ್ಲಿ ಮುಚ್ಚಿತು.

ಬೀದಿಯೇನೋ ಸುಲಭವಾಗಿ ಸಿಕ್ಕಿತು. ಕಾಟ ಕೊಟ್ಟಿದ್ದು ಬಾಗಿಲು. ಗಣಿ ಊರಿನ ಈ ಸಾಲುಮನೆಗಳಲ್ಲಿ ನೆಂಟರು, ಅಕ್ಕಪಕ್ಕದವರು ಎಲ್ಲರೂ ಬರುವುದು ಹಿತ್ತಿಲಿನಿಂದ. ಮುಂಬಾಗಿಲು ಇರುವುದು ಸುಮ್ನೆ ಮರ್ಯಾದೆಗೆ. ಇದು ಗೊತ್ತಿಲ್ಲದ ನಮ್ಮಮ್ಮ ಬೆಂಗಳೂರಿನಿಂದ ಬಂದ ಮಾರನೇ ದಿನವೇ ಮುಂಬಾಗಿಲಿಗೆ ಚುಕ್ಕಿ ರಂಗೋಲಿ ಹಾಕಿದರು. ನೋಡಲು ಒಂದು ನರಪಿಳ್ಳೆ ಬರಲಿಲ್ಲ. "ಇದೇನೋ, ಈ ಊರಲ್ಲಿ ಜನ ಇದ್ದಾರೋ ಇಲ್ವೋ?"

ಮರುದಿನ ರಂಗೋಲಿ ಹಿಂದಿನ ಓಣಿಗೆ ಶಿಫ್ಟ್ ಆಯಿತು. ಆಗ ಜನ ಬಂದರು. ಪಕ್ಕದ ಮನೆಯ ಅಜ್ಜ, ಹಳೇ ಗಣಿ ಕಾರ್ಮಿಕ, ಬಗ್ಗಿ ಒಂದೊಂದೇ ಚುಕ್ಕಿ ಎಣಿಸಿದರು. ಎಣಿಕೆ ಮುಗಿಯುವಷ್ಟರಲ್ಲಿ ಕಸದ ಲಾರಿ ಬಂತು. ನಾಲ್ಕು ಎಸಳಿನ ತಾವರೆ ಎರಡು ಉದ್ದನೆ ಬಿಳಿ ಪಟ್ಟೆಯಾಗಿ ಬೀದಿ ತುದಿಯವರೆಗೂ ಹೋಯಿತು.

ಅಮ್ಮನ ಮುಖ ನೋಡಿ ಅಜ್ಜ ನಕ್ಕುಬಿಟ್ಟರು. ಅವರ ಅಮ್ಮನ ಮುಖವೂ ಸೋಮವಾರಗಳಲ್ಲಿ ಹೀಗೇ ಆಗುತ್ತಿತ್ತಂತೆ. ಸೋಮವಾರ ಬಟ್ಟೆ ಒಗೆಯುವ ದಿನ. ಓಣಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಿಳೀ ಬೆಡ್‌ಶೀಟು ಒಣಗಿಸುತ್ತಿದ್ದರು. ಗಣಿಯವರಿಗೆ ಕಲ್ಲಿದ್ದಲು ಬಿಟ್ಟಿ. ಅದನ್ನು ತಂದು ಮನೆ ಹಿಂದೆ ರಾಶಿ ಸುರಿದು ಹೋಗುತ್ತಿದ್ದರು. ಒಳಗೆ ತುಂಬಿಕೊಳ್ಳುವುದು ನಿಮ್ಮ ಕರ್ಮ. ಗಾಡಿ ಸೋಮವಾರವೇ ಬಂದರೆ ಹೆಂಗಸರೆಲ್ಲ ಓಡಿ ಹಗ್ಗ ಎತ್ತಬೇಕು, ಗಾಡಿಯವನು ಬೈಗುಳ ತಿನ್ನಬೇಕು. ಬಿಟ್ಟಿ ಸಿಗುತ್ತೆ ಅಂತ ಯಾರೂ ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ ಅನ್ನುವುದೇ ನನಗೆ ಜಾಸ್ತಿ ಇಷ್ಟವಾದ ಸಂಗತಿ.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಜ್ಜನ ಇಂಗ್ಲಿಷ್ ನನಗೂ ಅರ್ಧ ಅರ್ಥವಾಗುವುದಿಲ್ಲ. ಆದರೂ ಗಾಡಿಯವರನ್ನು ಬೈಯುವ ವಿಷಯದಲ್ಲಿ ಇಬ್ಬರಿಗೂ ಒಳ್ಳೇ ಹೊಂದಾಣಿಕೆಯಾಯಿತು. ಈಗ ಕಸದ ಲಾರಿ ಬರುವ ಹಿಂದಿನ ಸಂಜೆ ಅಜ್ಜ ನಮ್ಮ ಹಿತ್ತಿಲ ಬಾಗಿಲು ತಟ್ಟುತ್ತಾರೆ. ನೆಲ ತೋರಿಸಿ, ಬೇಡ ಅಂತ ಕೈ ಆಡಿಸುತ್ತಾರೆ. ಅಮ್ಮ ಅವರಿಗೊಂದು ಚಕ್ಕುಲಿ ಕೊಟ್ಟು ಕಳಿಸುತ್ತಾರೆ.